ಮುರಿದ ಕಾಲೂ ಹೊತ್ತ ಹರಕೆಯೂ
ಯುಗಾದಿಯ ಮುನ್ನ ಬಾಗಲಕೋಟೆ, ವಿಜಯಪುರಗಳ ಕಡೆಯಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಭಕ್ತನೊಬ್ಬನ ಪಾದವು ಬಾತು, ಬೆರಳುಗಳ ಹಿಂದಣ ನೀಳವಾದ ಎಲುಬಿನ ಒಂದೇ ಬಿಂದುವಿನಲ್ಲಿ ಒತ್ತಿದೊಡನೆ ಚುಚ್ಚಿ, ಹೆಜ್ಜೆಹೆಜ್ಜೆಗೂ ನೋವು ಏರುತ್ತ ಹೋದರೆ, ಅಲ್ಲಿ ಬಿರುಕು ಮೂಡಿರುವ ಶಂಕೆಯುಂಟು. ನಡೆಯಲು ಬಂದ ಮಾತ್ರಕ್ಕೆ ಎಲುಬು ಮುರಿದಿಲ್ಲವೆನ್ನಲಾಗದು, ಮೊದಮೊದಲು ಕ್ಷ-ಕಿರಣದ ಚಿತ್ರದಲ್ಲಿಯೂ ಅದು ಕಾಣದಿರಬಹುದು. ಆಗ ನಡಿಗೆಯನ್ನು ನಿಲ್ಲಿಸುವುದು ಹರಕೆಗೆ ದ್ರೋಹವೇ? ಅಲ್ಲವೆಂದೇ ನನ್ನ ದೃಢವಾದ ನಂಬಿಕೆ. ಕಾಲನ್ನೇ ದೇಗುಲದ ಕಂಬವಾಗಿ ಕಂಡ ಬಸವಣ್ಣನವರ ನಾಡಿನಲ್ಲಿ, ಆ ಕಂಬವನ್ನು ಕೆಡವಿಕೊಂಡು ಗುಡಿಯನ್ನರಸಿ ಹೋಗುವುದು ಭಕ್ತಿಯೆನಿಸದು. ಭಾರವನ್ನಿಳಿಸಿ, ಪಾದವನ್ನು ಎತ್ತರಿಸಿಟ್ಟು, ವೈದ್ಯರ ಮಾತಿನಂತೆ ಸಾಮಾನ್ಯವಾಗಿ 6ರಿಂದ 8 ವಾರ ಕಾಯುವಾಗ, ಬಿರುಕಿನ ಅಂಚುಗಳ ನಡುವೆ ಹೊಸ ಎಲುಬು ಹೆಣೆದುಕೊಳ್ಳುವುದು ರೋಗಿಯ ಸಂಕಲ್ಪದಿಂದಲ್ಲ. ಆ ಕಾರ್ಯಕ್ಕೆ ಅಡ್ಡಿಯಾಗದಿರುವುದಷ್ಟೇ ಅವನ ಪಾಲಿನ ತಪಸ್ಸು. ಮಧುಮೇಹದಿಂದ ಪಾದದ ಸಂವೇದನೆ ಕುಂದಿದವರಿಗಾದರೋ ನೋವೆಂಬ ಎಚ್ಚರಿಕೆಯೂ ದೊರೆಯದಿರಬಹುದು. ಅಂಥವರು ಬಾವನ್ನೂ ಬಿಸಿಯನ್ನೂ ಕಂಡೊಡನೆಯೇ ವೈದ್ಯರಲ್ಲಿಗೆ ಹೋಗತಕ್ಕದ್ದು.