ದಿನಾಂಕ, ನೆನಪು ಮತ್ತು ನ್ಯಾಯ

ಹಳೆಯ ಘಟನೆಯೊಂದು ಯಾವಾಗ ನಡೆಯಿತೆಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಿರಿಯರನ್ನು ಕೇಳಿ ನೋಡಿ. ತಾರೀಖು ಹೇಳುವವರು ವಿರಳ. ‘ಮಾರಿಕಾಂಬಾ ಜಾತ್ರೆಯ ವರ್ಷ’, ‘ಅಡಿಕೆ ಕೊಯ್ಲಿನ ಹೊತ್ತಿಗೆ’, ‘ಕ್ರಿಸ್ಮಸ್ ಕಳೆದ ಮೇಲೆ’ ಎನ್ನುವವರೇ ಹೆಚ್ಚು. ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ, ಜಾತ್ರೆ ಯಾವುದೆಂಬ ಗೊಂದಲವೊಂದರಿಂದಲೇ ಲೆಕ್ಕ ಎರಡು ವರ್ಷ ತಪ್ಪಬಹುದು. ಆದರೆ ಘಟನೆ ಸುಳ್ಳಾಗುವುದಿಲ್ಲ.

ಮನೆಮಾತಿನಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ದೌರ್ಜನ್ಯಕ್ಕೊಳಗಾದ ಮಗುವೊಂದು ಎಷ್ಟೋ ಕಾಲದ ನಂತರ ಬಾಯ್ಬಿಟ್ಟಾಗಲಾದರೋ ನ್ಯಾಯಾಲಯ ಕೇಳುತ್ತದೆ: ‘ಅದು ಯಾವ ದಿನ?’ ದಿನ ತಪ್ಪಿದರೆ ಮಾತೆಲ್ಲವೂ ಸುಳ್ಳೇ?

ನಮ್ಮ ಸರ್ವೋಚ್ಚ ನ್ಯಾಯಾಲಯ 1983ರಲ್ಲೇ ಇದಕ್ಕೆ ಉತ್ತರಿಸಿದೆ. ಗುಜರಾತಿನಲ್ಲಿ 1975ರಲ್ಲಿ ಇಬ್ಬರು ಬಾಲಕಿಯರ ಮೇಲೆ ನಡೆದ ದೌರ್ಜನ್ಯದ ಭಾರ್ವಾಡ ಭೋಗಿನ್‌ಭಾಯಿ ಹಿರ್ಜಿಭಾಯಿ ಪ್ರಕರಣದಲ್ಲಿ, ಸಾಕ್ಷಿಯ ಮನಸ್ಸು ಚಿತ್ರಮುದ್ರಿಕೆಯಲ್ಲ, ಹೊತ್ತನ್ನು ಜನರು ಅಂದಾಜಿನಿಂದ ಹೇಳುತ್ತಾರೆ, ಪ್ರಕರಣದ ಬುಡವನ್ನು ಅಲುಗಿಸದ ಸಣ್ಣ ವ್ಯತ್ಯಾಸಗಳಿಗಾಗಿ ಸಾಕ್ಷ್ಯವನ್ನು ತಳ್ಳಿಹಾಕಬಾರದು ಎಂದು ಅದು ವಿವರಿಸಿತು. ಅಪರಾಧ ನಿರ್ಣಯವನ್ನು ಎತ್ತಿಹಿಡಿಯಿತು. ಭಯವು ಕೋಣೆಯ ವಾಸನೆಯನ್ನು ನೆನಪಿನಲ್ಲಿ ಕೊರೆದಿಡಬಹುದು. ಗೋಡೆಯ ಕ್ಯಾಲೆಂಡರನ್ನು ಬಿಟ್ಟುಬಿಡಬಹುದು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ನೊಂದವರಿಗೆ ದಿನಾಂಕ ಒಂದು ವಿವರ ಮಾತ್ರ. ನಿರಪರಾಧಿಯೊಬ್ಬನು ಆರೋಪಿಯಾದಾಗ ಅದೇ ಅವನ ಏಕೈಕ ಗುರಾಣಿಯಾಗಬಹುದು. ‘ಆ ದಿನ ನಾನಲ್ಲಿರಲಿಲ್ಲ’ ಎಂದು ಹೇಳಬೇಕಾದರೆ ಮೊದಲು ‘ಆ ದಿನ’ ಯಾವುದೆಂದು ತಿಳಿಯಬೇಕಲ್ಲವೇ?

ಆಸ್ಟ್ರೇಲಿಯಾದ ಕಾರ್ಡಿನಲ್ ಜಾರ್ಜ್ ಪೆಲ್ ಅವರ ಪ್ರಕರಣ ಈ ಇಕ್ಕಟ್ಟನ್ನು ತೋರಿಸಿತು. 1996ರ ಡಿಸೆಂಬರ್ 15 ಅಥವಾ 22ರ ಭಾನುವಾರ, ಬಲಿಪೂಜೆಯ ನಂತರ, ಮೆಲ್ಬೋರ್ನ್ ಪ್ರಧಾನಾಲಯದಲ್ಲಿ ಗಾಯಕವೃಂದದ ಇಬ್ಬರು ಬಾಲಕರ ಮೇಲೆ ದೌರ್ಜನ್ಯ ನಡೆಯಿತೆಂಬುದು ಮುಖ್ಯ ಆರೋಪ. 2018ರಲ್ಲಿ ಜ್ಯೂರಿ ಅವರನ್ನು ತಪ್ಪಿತಸ್ಥರೆಂದಿತು. 2020ರ ಏಪ್ರಿಲ್ 7ರಂದು ಅಲ್ಲಿನ ಹೈಕೋರ್ಟಿನ ಏಳು ನ್ಯಾಯಮೂರ್ತಿಗಳೂ ಒಮ್ಮತದಿಂದ ಆ ತೀರ್ಪನ್ನು ರದ್ದುಗೊಳಿಸಿದರು. ಪೂಜೆ ಮುಗಿದೊಡನೆ ಅವರು ಮೆಟ್ಟಿಲ ಬಳಿ ನಿಂತು ಜನರನ್ನು ಮಾತನಾಡಿಸುವ ಪದ್ಧತಿಯಿತ್ತೆಂಬ ಸಾಕ್ಷ್ಯವು ಸಂಶಯಕ್ಕೆ ಎಡೆಮಾಡಿಕೊಡುತ್ತದೆ ಎಂಬುದು ಒಂದು ಮುಖ್ಯ ಕಾರಣ. ದೂರುದಾರರು ಸುಳ್ಳುಗಾರರೆಂದು ಮಾತ್ರ ಆ ನ್ಯಾಯಾಲಯ ಹೇಳಲಿಲ್ಲ. ಆ ಪದ್ಧತಿಯನ್ನು ಹೇಳಿದವರೂ ಇಪ್ಪತ್ತು ವರ್ಷಗಳ ಹಿಂದಿನದನ್ನೇ ನೆನೆಯುತ್ತಿದ್ದರು. ಎರಡೂ ಕಡೆ ಇದ್ದುದು ಮನುಷ್ಯರ ನೆನಪೇ.

ದಾನಿಯೇಲನ ಗ್ರಂಥದ ಸುಸನ್ನಳ ವೃತ್ತಾಂತ ನಮಗೆ ತಿಳಿದೇ ಇದೆ. ಇಬ್ಬರು ಹಿರಿಯರನ್ನು ಬೇರ್ಪಡಿಸಿ, ‘ಯಾವ ಮರದ ಕೆಳಗೆ?’ ಎಂದು ದಾನಿಯೇಲನು ಕೇಳಿದಾಗ ಒಬ್ಬೊಬ್ಬರೂ ಒಂದೊಂದು ಮರವನ್ನು ಹೆಸರಿಸಿ ಸಿಕ್ಕಿಬಿದ್ದರು. ಆದ್ದರಿಂದ ವಿವರ ಕೇಳುವುದೇ ಕ್ರೌರ್ಯವಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆ ಹಿರಿಯರು ಅಧಿಕಾರವುಳ್ಳವರು; ಹೇಳುತ್ತಿದ್ದುದು ಹಿಂದಿನ ದಿನದ ಮಾತು. ನಿನ್ನೆಯ ಮರವನ್ನು ತಪ್ಪಿ ಹೇಳುವ ಪ್ರಬಲನೂ, ಬಾಲ್ಯದ ದಿನವನ್ನು ಮರೆತ ದುರ್ಬಲನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ.

ಹಾಗಾದರೆ ನಮ್ಮ ಕರ್ತವ್ಯವೇನು? ತೀರ್ಪು ನ್ಯಾಯಾಲಯದ್ದು, ಆಲಿಸುವುದು ನಮ್ಮದು. ಮಗು ಹೇಳಿದಾಗ, ಅದರ ಮಾತುಗಳನ್ನೇ, ಹೇಳಿದ ದಿನಾಂಕದೊಂದಿಗೆ ಅಂದೇ ಬರೆದಿಡೋಣ. ‘ಅದು ಹಬ್ಬದ ದಿನವಲ್ಲವೇ?’ ಎಂದು ನಾವೇ ಉತ್ತರವನ್ನು ಬಾಯಿಗೆ ತುರುಕದಿರೋಣ. ದೊಡ್ಡವರನ್ನು ಮೆಚ್ಚಿಸಲು ಮಗು ‘ಹೌದು’ ಎಂದುಬಿಡಬಹುದು. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯಿದೆ ವಿಧಿಸುತ್ತದೆ. ಮಕ್ಕಳ ಸಹಾಯವಾಣಿ 1098 ಇದೆ. ಮಾನ ಹೋದೀತೆಂದು ಕುಟುಂಬವೋ ಧರ್ಮಕೇಂದ್ರವೋ ಮೌನ ವಹಿಸಿದಷ್ಟು ಕಾಲವೂ ನೆನಪು ಮಾಸುತ್ತದೆ. ಕೊನೆಗೆ ‘ದಿನಾಂಕವೇ ನೆನಪಿಲ್ಲವಲ್ಲ’ ಎಂದು ಆ ಮಗುವನ್ನೇ ದೂರುತ್ತೇವೆ. ನಿರಪರಾಧಿಯೂ ಅದೇ ಮೌನದಿಂದ ತನ್ನ ಗುರಾಣಿಯನ್ನು ಕಳೆದುಕೊಳ್ಳುತ್ತಾನೆ.

ಮರೆವು ಮನುಷ್ಯಸಹಜ. ಆದರೆ ಮರೆಯುವಷ್ಟು ಕಾಲ ಮಗುವನ್ನು ಕಾಯಿಸುವುದು ನಮ್ಮ ತಪ್ಪು.