ನಿನಗೇನಾಗಬೇಕು?



ಜೆರಿಕೊ ಪಟ್ಟಣದ ದಾರಿಬದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಅಂಧ ಬಾರ್ತಿಮಾಯನನ್ನು ನೀವು ಬಲ್ಲಿರಿ. ಸಂತ ಮಾರ್ಕರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಅವನ ಪ್ರಸಂಗವಿದೆ. ಅವನು ಯೇಸುಸ್ವಾಮಿಯನ್ನು ಕೂಗಿ ಕರೆದಾಗ ಸುತ್ತಲಿನ ಜನ ಗದರಿಸಿದರು. ಅವನು ಇನ್ನೂ ಗಟ್ಟಿಯಾಗಿ ಕೂಗಿದ. ಸ್ವಾಮಿ ನಿಂತು ಅವನನ್ನು ಕರೆಸಿದರು. ತಮ್ಮಿಂದ ಅವನಿಗೇನಾಗಬೇಕೆಂದು ಕೇಳಿದರು. ಅಂಧನಿಗೆ ಬೇಕಾದದ್ದು ಯಾರಿಗೆ ತಿಳಿಯದು? ಆದರೂ ಕೇಳಿದರು. ಎಲ್ಲರೂ ಬಾಯಿ ಮುಚ್ಚಿಸಿದವನಿಗೆ ಸ್ವಾಮಿ ಮಾತು ಕೊಟ್ಟರು.

ಹೀಗೆ ಒಬ್ಬರು ನಿಂತು ಕೇಳಿದರೆ ಏನಾದೀತು ಎಂಬುದಕ್ಕೆ ಸಾಕ್ಷಿ ನಮ್ಮ ಸೀಮೆಯಲ್ಲೇ ಇದೆ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಒಬ್ಬ ಹುಟ್ಟುಗುರುಡ ಬಾಲಕ ಜನಿಸಿದ. ಅವನ ಹಾಡು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು ಬರೀ ಕನಿಕರಪಟ್ಟು ಸುಮ್ಮನಾಗಲಿಲ್ಲ. ಸಂಗೀತ ಕಲಿಯಲು ಹಚ್ಚಿದರು. ಕಣ್ಣಿಲ್ಲದವನು ಒಂದೊಂದು ಸ್ವರವನ್ನೂ ಕಿವಿಯಿಂದ ಹಿಡಿದು, ಕಂಠದಲ್ಲಿ ತಿದ್ದಿ, ನೆನಪಿನಲ್ಲಿ ಕಾಪಾಡಬೇಕು. ಹಿಂದೂಸ್ತಾನಿ, ಕರ್ನಾಟಕ ಎರಡನ್ನೂ ಕಲಿತ ಆ ಬಾಲಕನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಕಟ್ಟಿ ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ವಿದ್ಯೆ ನೀಡಿದರು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜರು ಅವರ ಶಿಷ್ಯರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಆಶ್ರಮದ ಭಾರ ಹೊತ್ತು, 2010ರಲ್ಲಿ ಕಣ್ಮುಚ್ಚುವವರೆಗೂ ನಡೆಸಿದರು. ಅದೇ ವರ್ಷ ಅವರಿಗೆ ಪದ್ಮಭೂಷಣ ಸಂದಿತ್ತು.

ಇದರಲ್ಲಿ ಒಂದು ಮಾತು ಗಮನಿಸಿ. ಬಾರ್ತಿಮಾಯನಿಗೆ ದೃಷ್ಟಿ ಬಂತು. ಈ ಗವಾಯಿಗಳಿಗೆ ಬರಲಿಲ್ಲ. ಕೊರತೆ ನೀಗಿದ ಮೇಲೆ ಹೊರಡುತ್ತೇನೆಂದು ಅವರು ಕಾಯಲಿಲ್ಲ, ಕೊರತೆಯೊಡನೆಯೇ ಹೊರಟರು. ಆತ್ಮವಿಶ್ವಾಸವೆಂದರೆ ಅಹಂಕಾರವಲ್ಲ. ದೇವರು ಕೊಟ್ಟದ್ದು ಇಷ್ಟೇ ಇರಲಿ, ಅದು ಕೆಲಸಕ್ಕೆ ಬರುತ್ತದೆ ಎಂಬ ಭರವಸೆ. ಅದು ತಾನಾಗಿ ಹುಟ್ಟುವುದೂ ಅಪರೂಪ; ಒಬ್ಬರು ಇಟ್ಟ ನಂಬಿಕೆ ಇನ್ನೊಬ್ಬರಲ್ಲಿ ಬೇರುಬಿಡುತ್ತದೆ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಲ್ಲಿಯೇ ಇರಲಿ, ನಮ್ಮ ಮನೆಗಳಲ್ಲೂ ಕೂಗುವ ಮಕ್ಕಳಿದ್ದಾರೆ. ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾಗಿ ಮತ್ತೆ ಪರೀಕ್ಷೆಗೆ ಕೂಡ್ತೇನೆಂಬ ಮಗ, ನರ್ಸಿಂಗ್ ಕಲಿಯುತ್ತೇನೆಂಬ ಮಗಳು. "ನಿನ್ನ ಕೈಲೆ ಆಗೂದಿಲ್ಲ, ಸುಮ್ಮನ ಕೂಡು" ಎಂದುಬಿಡುತ್ತೇವೆ. ಹಾಗೆಂದ ಕ್ಷಣ ನಾವು ಜೆರಿಕೊದ ಆ ಜನರ ಸಾಲಿಗೆ ಸೇರಿದೆವು. ಆ ಒಂದು ಮಾತನ್ನು ಮಗು ವರ್ಷಗಟ್ಟಲೆ ಹೊತ್ತು ತಿರುಗುತ್ತದೆ.

ಯುವಜನರೇ, ಸ್ವಾಮಿ ಕರೆದಾಗ ಬಾರ್ತಿಮಾಯ ಹೊದ್ದಿದ್ದ ಬಟ್ಟೆಯನ್ನು ಎಸೆದು ಎದ್ದ. ನೀವು ಹೊದ್ದು ಕುಳಿತಿರುವ "ನನ್ನ ಹಣೆಬರಹವೇ ಇಷ್ಟು" ಎಂಬ ಮಾತನ್ನು ಎಸೆದು ಏಳಿ. ಗುರಿಯನ್ನು ಪ್ರಾರ್ಥನೆಯಲ್ಲಿ ಬಾಯಿಬಿಟ್ಟು ಹೇಳಿ; ಮರುದಿನ ಅದಕ್ಕಾಗಿ ಒಂದು ತಾಸು ದುಡಿಯಿರಿ. ಸ್ವರ ಕಲಿತದ್ದೂ ಹೀಗೆಯೇ, ದಿನಕ್ಕಿಷ್ಟು.

ತಂದೆತಾಯಿಗಳೇ, ಈ ವಾರ ಒಂದು ರಾತ್ರಿ ಊಟವಾದ ಮೇಲೆ ಮಗುವನ್ನು ಹತ್ತಿರ ಕೂರಿಸಿ, "ನಿನಗೇನಾಗಬೇಕು?" ಎಂದು ಕೇಳಿ. ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡಿ. ದಾರಿಯಲ್ಲಿ ನಿಂತು ಕೇಳಿದ ಸ್ವಾಮಿ ಆ ಹೊತ್ತು ನಿಮ್ಮ ಮನೆಯಲ್ಲೂ ಇರುತ್ತಾರೆ.