ಮೂರು ವರ್ಷದ ಭಾನುವಾರಗಳು

147573952589676412927. ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆಯನ್ನು ಬಾಯಿಬಿಟ್ಟು ಓದುವ ಸಾಹಸ ಬೇಡ. 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಕೊನೆಗೆ ಒಂದನ್ನು ಕಳೆದರೆ ಸಿಗುವುದು ಇದೇ. ಇದು ಯಾವುದರಿಂದಲೂ ಒಡೆಯದ ಅವಿಭಾಜ್ಯ ಸಂಖ್ಯೆ ಎಂದು ಫ್ರಾನ್ಸಿನ ಮರ್ಸೆನ್ ಎಂಬ ಸನ್ಯಾಸಿ 1644ರಲ್ಲಿ ಬರೆದಿಟ್ಟ. ದೊಡ್ಡವರ ಮಾತು. ಇನ್ನೂರು ವರ್ಷಕ್ಕೂ ಮಿಕ್ಕಿ ಹಾಗೆಯೇ ಉಳಿಯಿತು.

1876ರಲ್ಲಿ ಅದೇ ದೇಶದ ಲೂಕಾಸ್ ಆ ಮಾತು ತಪ್ಪೆಂದು ತೋರಿಸಿದ. ವಿಚಿತ್ರವೆಂದರೆ, ಅದನ್ನು ಭಾಗಿಸುವ ಸಂಖ್ಯೆ ಯಾವುದೆಂದು ಅವನೂ ಹೇಳಲಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತೇವಲ್ಲ, ಹಾಗೆ. ಸದ್ದಿನಲ್ಲೇ ಬಿರುಕಿದೆಯೆಂದು ಗೊತ್ತಾಗುತ್ತದೆ. ಎಲ್ಲಿದೆಯೆಂದು ಮಾತ್ರ ಕಾಣದು.

ಆ ಬಿರುಕನ್ನು ಹುಡುಕಿದವರು ಅಮೆರಿಕದ ಪ್ರೊಫೆಸರ್ ಫ್ರಾಂಕ್ ನೆಲ್ಸನ್ ಕೋಲ್. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಅವರು ತುಟಿ ಬಿಚ್ಚದೆ ಬೋರ್ಡಿನ ಬಳಿ ಹೋಗಿ, ಒಂದು ಕಡೆ ಈ ಸಂಖ್ಯೆಯನ್ನು ಬರೆದು, ಇನ್ನೊಂದು ಕಡೆ 193707721ನ್ನು 761838257287ರಿಂದ ಗುಣಿಸಿದರಂತೆ. ಎರಡೂ ಕಡೆ ಒಂದೇ ಉತ್ತರ. ಸಭೆ ಚಪ್ಪಾಳೆ ತಟ್ಟಿತು, ಅವರು ಸುಮ್ಮನೆ ಬಂದು ಕುಳಿತರು. ಎಷ್ಟು ಕಾಲ ಹಿಡಿಯಿತೆಂದು ಆಮೇಲೆ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂದರಂತೆ. ಎರಿಕ್ ಟೆಂಪಲ್ ಬೆಲ್ ಹೇಳಿದ ಕಥೆ ಇದು. ಬೆಲ್ ಕಥೆಗೆ ಒಗ್ಗರಣೆ ಹಾಕುವವರೆಂದು ಹೆಸರಾದವರು. ಆದರೆ ಲೆಕ್ಕಕ್ಕೆ ಒಗ್ಗರಣೆಯಿಲ್ಲ. ಬಿಡುವಾದ ಒಂದು ಮಧ್ಯಾಹ್ನ ನೀವೇ ಗುಣಿಸಿ ನೋಡಿ. ಏಳರ ಸಾಲು ಮೂರು ಸಲ ಬರುತ್ತದೆ, ಅಷ್ಟು ಕೆಲಸ ಉಳಿತಾಯ.

ಅಕ್ಕಿ, ಬೇಳೆ ಬೆರೆಸುವುದಕ್ಕೆ ಒಂದು ಗಳಿಗೆ ಸಾಕು, ಆರಿಸುವುದಕ್ಕೆ ದಿನ ಬೇಕು. ಈ ಸಂಖ್ಯೆಯ ಗುಣವೂ ಅದೇ. ಆದರೂ ಪ್ರಶ್ನೆ ಉಳಿಯುತ್ತದೆ. ಒಡೆಯುತ್ತದೆಂದು ಮೊದಲೇ ಗೊತ್ತಿದ್ದುದಕ್ಕೆ ಇಷ್ಟು ಭಾನುವಾರ ಸುರಿಯುವುದು ಸರಿಯೇ? ಇವತ್ತಿನ ಕಂಪ್ಯೂಟರ್ ಅದನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒಡೆದು ಕೊಡುತ್ತದೆ.

ಸರಿ ಎಂದೇ ನನಗನ್ನಿಸುತ್ತದೆ. ಲೂಕಾಸನ ಮಾತನ್ನು ಒಪ್ಪಬೇಕಾದರೆ ಅವನಷ್ಟೇ ಓದಿರಬೇಕು, ಇಲ್ಲವೆ ಅವನನ್ನು ನಂಬಬೇಕು. ಕೋಲ್ ಕೊಟ್ಟದ್ದನ್ನು ಗುಣಾಕಾರ ಬಲ್ಲ ಐದನೇ ಕ್ಲಾಸಿನ ಹುಡುಗಿಯೂ ಪರೀಕ್ಷಿಸಬಹುದು, ಯಾರ ಅಪ್ಪಣೆಯೂ ಬೇಡ. 'ತಿಳಿದವರು ಹೇಳಿದ್ದಾರೆ, ಸುಮ್ಮನಿರು' ಎಂದು ಕೇಳಿಸಿಕೊಂಡೇ ಬೆಳೆದ ನಮಗೆ ಇದು ಸಣ್ಣ ಮರ್ಯಾದೆಯಲ್ಲ.

ಒಂದು ತಕರಾರು ಮಾತ್ರ ಉಂಟು. ಮೂರು ವರ್ಷವೆಂದರೆ ನೂರೈವತ್ತಕ್ಕೂ ಹೆಚ್ಚು ಭಾನುವಾರ. ಅಷ್ಟೂ ದಿನ ಅವರ ಮೇಜಿನ ಮುಂದೆ ಕಾಫಿ ತಂದಿಟ್ಟವರು ಯಾರು, ಊಟಕ್ಕೆ ಎಷ್ಟು ಸಲ ಕರೆದರು, ಬೆಲ್ ಬರೆದಿಲ್ಲ.